ಹೂಮಳೆ ತಪ್ಪಿದಾಗ ನಮ್ಮ ಕಾಫಿ ತೋಟ

ವಯನಾಡಿನಲ್ಲಿ ಎರಡು ಮೂರು ಎಕರೆ ಕಾಫಿಯನ್ನೇ ನಂಬಿರುವ ನಮ್ಮಂಥ ಕುಟುಂಬಗಳಿಗೆ ಫೆಬ್ರವರಿ, ಮಾರ್ಚ್ ತಿಂಗಳ ಒಂದು ಹದವಾದ ಮಳೆ ಇಡೀ ವರ್ಷದ ಆಧಾರ. ಮಕ್ಕಳ ಫೀಸು, ಸೊಸೈಟಿಯ ಸಾಲ, ಮನೆಯ ಮದುವೆ ಎಲ್ಲವೂ ಅದರ ಮೇಲೆಯೇ ನಿಂತಿವೆ. ಈಗ ಹವಾಮಾನ ಬದಲಾಗಿ ಆ ಮಳೆಯ ಹೊತ್ತು ತಪ್ಪುತ್ತಿದೆ. ಇದರಿಂದ ಗಿಡಕ್ಕೆ ಏನಾಗುತ್ತದೆ, ನಾವು ಏನು ಮಾಡಬಹುದು ಎಂಬುದನ್ನು ಈ ತಿಂಗಳು ತಿಳಿಯೋಣ.

ನಮ್ಮಲ್ಲಿ ಹೆಚ್ಚಾಗಿ ಇರುವುದು ರೊಬಸ್ಟಾ. ಕೊಯ್ಲಿನ ನಂತರ ಒಣಹವೆಯಲ್ಲಿ ಮೊಗ್ಗು ಸುಮ್ಮನಿರುತ್ತದೆ. ಒಂದರಿಂದ ಒಂದೂವರೆ ಇಂಚು ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಹೂ ಅರಳುತ್ತದೆ. ನಾಲ್ಕು ಹನಿ ಬಿದ್ದು ನಿಂತರೆ ಮೊಗ್ಗು ಪೂರ್ತಿ ಬಿಚ್ಚದೆ ಕೆಂಪಾಗಿ ಬಾಡುತ್ತದೆ. ರೊಬಸ್ಟಾ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿ ಮತ್ತು ಜೇನು ತರಬೇಕು. ಹೂ ಅರಳಿದ ದಿನವೇ ಮಳೆ ಹೊಯ್ದರೆ ಆ ಕೆಲಸ ಕೆಡುತ್ತದೆ. ಬಳಿಕ ಎರಡು ಮೂರು ವಾರಗಳಲ್ಲಿ ಬ್ಯಾಕಿಂಗ್ ಮಳೆಯೂ ಬೇಕು, ಇಲ್ಲದಿದ್ದರೆ ಮಿಡಿ ನಿಲ್ಲುವುದಿಲ್ಲ.

ಅಕಾಲ ಮಳೆಯ ತೊಂದರೆ ಬೇರೆ. ಡಿಸೆಂಬರ್, ಜನವರಿಯಲ್ಲಿ ಮಳೆಯಾದರೆ ಕಣದಲ್ಲಿರುವ ಹಣ್ಣಿಗೆ ಬೂಷ್ಟು ಹಿಡಿಯುತ್ತದೆ. ಗಿಡದಲ್ಲಿ ಹಣ್ಣಿರುವಾಗಲೇ ಹೂ ಬಂದು ಕೊಯ್ಯುವಾಗ ಉದುರುತ್ತದೆ. ಹೂ ಹಲವು ಸಲ ಬಂದರೆ ಹಣ್ಣೂ ಹಲವು ಸಲ ಆಗಿ ಆಳಿನ ಖರ್ಚು ಏರುತ್ತದೆ. ಕೊಯ್ಯದೆ ಉಳಿದ ಹಣ್ಣು ಕಾಯಿಕೊರಕಕ್ಕೆ ಮನೆಯಾಗುತ್ತದೆ. ಭಾರತದಲ್ಲಿ ಈ ಕೀಟ ಮೊದಲು ಕಂಡದ್ದು 1990ರಲ್ಲಿ, ನಮ್ಮ ಪಕ್ಕದ ಗೂಡಲೂರಿನಲ್ಲಿ. ಇನ್ನು 2018ರ ಆಗಸ್ಟ್‌ನಂಥ ಜಡಿಮಳೆಯಲ್ಲಿ ನೀರು ನಿಂತು ಬೇರಿಗೆ ಉಸಿರಿಲ್ಲದೆ ಕಾಯಿ ಉದುರುತ್ತದೆ.

ಮಾಡಬೇಕಾದ ಕೆಲಸಗಳು ಇವು:

1. ಮಳೆನೀರು ಹಿಡಿಯುವುದು. ಒಂದು ಎಕರೆಗೆ ಒಂದಿಂಚು ನೀರೆಂದರೆ ಸುಮಾರು 1 ಲಕ್ಷ ಲೀಟರ್. 10 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳದ ಹೊಂಡದಲ್ಲಿ 2 ಲಕ್ಷ ಲೀಟರ್ ನಿಲ್ಲುತ್ತದೆ. ಬಿಸಿಲಿಗೆ ಆರಿ ಉಳಿದದ್ದರಲ್ಲಿ ಸ್ಪ್ರಿಂಕ್ಲರ್‌ನಿಂದ ಒಂದು ಎಕರೆಯ ಹೂವನ್ನಾದರೂ ಉಳಿಸಿಕೊಳ್ಳಬಹುದು. ಗುಡ್ಡದ ಕಡಿದಾದ ಇಳಿಜಾರಿನಲ್ಲಿ ಮಾತ್ರ ಹೊಂಡ ತೆಗೆಯಬಾರದು.

2. ನೆರಳು ಮರ ಕಡಿಯದಿರುವುದು. ಮರಕ್ಕೆ ಒಳ್ಳೆ ಬೆಲೆ ಬಂದಾಗ ಆಸೆಯಾಗುವುದು ಸಹಜ. ಆದರೆ ಮಾರ್ಚ್ ಬಿಸಿಲಿನಲ್ಲಿ ನೆಲದ ತೇವ ಕಾಯುವುದು ಆ ಮರವೇ. ಮುಂಗಾರಿಗೆ ಮುನ್ನ ಹದವಾಗಿ ಮರಗಸಿ ಮಾಡಿದರೆ ಸಾಕು.

3. ಗಿಡದ ಬುಡಕ್ಕೆ ತರಗೆಲೆ ಮುಚ್ಚುವುದು, ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಯುವುದು, ನೀರು ನಿಲ್ಲುವ ಜಾಗದಲ್ಲಿ ಕಾಲುವೆ ಬಿಡಿಸುವುದು.

4. ಹಣ್ಣನ್ನು ತೆಳ್ಳಗೆ ಹರಡಿ ಒಣಗಿಸುವುದು, ಕಣದ ಬಳಿ ಟಾರ್ಪಾಲು ಸಿದ್ಧವಿಡುವುದು. ಬೂಷ್ಟಿನಿಂದ ಒಕ್ರಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಇದು ಮೂತ್ರಪಿಂಡಕ್ಕೆ ಕೆಡುಕು. ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಬಂದ ಕಾಫಿಯನ್ನು ಮನೆಬಳಕೆಗೆ ಇಟ್ಟುಕೊಳ್ಳಬೇಡಿ.

5. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವುದು. ಕಾಫಿ ಕೈಕೊಟ್ಟ ವರ್ಷ ಮೆಣಸು ಸ್ವಲ್ಪವಾದರೂ ಆಸರೆಯಾಗುತ್ತದೆ.

ಹೆಚ್ಚಿನ ಸಲಹೆಗೆ ಚುಂಡೇಲ್‌ನಲ್ಲಿರುವ ಕಾಫಿ ಮಂಡಳಿಯ ಪ್ರಾದೇಶಿಕ ಸಂಶೋಧನಾ ಕೇಂದ್ರವನ್ನು ಕೇಳಬಹುದು.

ಕೊನೆಯದಾಗಿ ಒಂದು ಮಾತು. ಮಳೆ ತಡವಾದಾಗ ಎಲ್ಲರೂ ಒಂದೇ ವಾರದಲ್ಲಿ ತೋಡಿಗೆ ಪಂಪು ಇಟ್ಟರೆ ಕೆಳಗಿನ ಮನೆಗಳಿಗೆ ಕುಡಿಯುವ ನೀರೂ ಉಳಿಯುವುದಿಲ್ಲ. ಹೂವಿನ ಕಾಲ ಸಾಮಾನ್ಯವಾಗಿ ತಪಸ್ಸುಕಾಲದಲ್ಲೇ ಬರುತ್ತದೆ. ನೆರೆಯವನ ಕೊಡ ಬರಿದಾಗದಂತೆ ನೋಡಿಕೊಳ್ಳುವುದೂ ಆ ಕಾಲದ ವ್ರತವೇ. ಆದ್ದರಿಂದ ಒಂದು ತೋಡಿನ ನೀರು ಬಳಸುವ ಮನೆಯವರೆಲ್ಲ ಜನವರಿಯಲ್ಲೇ ಒಂದು ಭಾನುವಾರ ಪೂಜೆಯ ನಂತರ ಕೂತು, ಯಾರು ಯಾವ ದಿನ ಎಷ್ಟು ಗಂಟೆ ನೀರೆತ್ತುವುದೆಂದು ಗೊತ್ತುಮಾಡಿಕೊಳ್ಳೋಣ. ಕುಡಿಯುವ ನೀರಿನ ಪಾಲನ್ನು ಮೊದಲು ತೆಗೆದಿಡೋಣ.