ಆಟಗಾರನ ತಿರುಗಾಟ

ಫುಟ್‌ಬಾಲ್ ಆಟಗಾರನೊಬ್ಬ ಐದಾರು ತಂಡಗಳಲ್ಲಿ ಆಡಿ ನಿವೃತ್ತನಾದರೆ, ಅವನ ಕುರಿತ ನಮ್ಮ ಮಾತಿನಲ್ಲಿ ಒಂದು ಕೊಂಕು ತಾನಾಗಿ ಸೇರಿಕೊಳ್ಳುತ್ತದೆ. 'ಏಳು ಕೆರೆಯ ನೀರು ಕುಡಿದವ', 'ನಿಂತಲ್ಲಿ ನಿಲ್ಲದವ', 'ಹಣ ಕಂಡತ್ತ ಓಡಿದವ' ಎಂಬಂಥ ಮಾತುಗಳು ಬರುತ್ತವೆ. ಒಂದೇ ತಂಡದಲ್ಲಿ ಹದಿನೈದು ವರ್ಷ ಕಳೆದವನು ನಿಷ್ಠಾವಂತನಾಗಿ ಕಾಣುತ್ತಾನೆ. ಊರೂರು ಅಲೆದವನನ್ನು ಬಾಡಿಗೆ ಬಂಟನೆಂದು ಬಗೆಯುತ್ತೇವೆ. ಈ ತೀರ್ಪು ಎಷ್ಟು ನ್ಯಾಯವಾದುದು ಎಂಬುದನ್ನು ಒಮ್ಮೆ ಪರಿಶೀಲಿಸಬೇಕಾಗಿದೆ.

ಶಿರಸಿ ತಾಲ್ಲೂಕಿನ ಪೂರ್ವಭಾಗದ ದಾಸನಕೊಪ್ಪ ನನ್ನ ಊರು. ಮಲೆನಾಡು ತೆಳುವಾಗುತ್ತ ಬಯಲುಸೀಮೆಯ ಗಾಳಿ ಸೋಕಲಾರಂಭಿಸುವ ನೆಲ ಇದು. ಇಲ್ಲಿ ಸಂಜೆಯ ಆಟವೆಂದರೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಫುಟ್‌ಬಾಲ್ ಟಿ.ವಿ.ಯಲ್ಲಿ ಕಾಣುವ ಆಟ. ಆದರೆ ವರ್ಷಕ್ಕೊಂದು ತಂಡ ಸೇರಿ ದುಡಿಯುವ ವೃತ್ತಿಯೇನೂ ನಮಗೆ ಅಪರಿಚಿತವಲ್ಲ. ನಮ್ಮ ಜಿಲ್ಲೆಯಲ್ಲಿ 'ಆಟ' ಎಂದರೆ ಯಕ್ಷಗಾನ. 'ತಿರುಗಾಟ' ಎಂದರೆ ಮೇಳದ ವರ್ಷದ ಸಂಚಾರ. ಕಲಾವಿದ ಒಂದು ವರ್ಷ ಒಂದು ಮೇಳದಲ್ಲಿ ಗೆಜ್ಜೆ ಕಟ್ಟಿ, ಮರುವರ್ಷ ಇನ್ನೊಂದು ಮೇಳದ ವೀಳ್ಯ ಹಿಡಿಯುವುದು ಇಲ್ಲಿ ಮಾಮೂಲು. ಪದ್ಮಶ್ರೀ ಪುರಸ್ಕೃತ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಳ್ಳುವ ಮುನ್ನ ಎಷ್ಟೋ ಮೇಳಗಳಲ್ಲಿ ತಿರುಗಾಟ ಮಾಡಿದ್ದರು. ಅವರನ್ನು ಯಾರೂ ನಿಷ್ಠೆಯಿಲ್ಲದವರೆಂದು ಕರೆಯಲಿಲ್ಲ. ಪ್ರೇಕ್ಷಕರೇ ಅವರ ಬೆನ್ನುಹತ್ತಿ ಮೇಳದಿಂದ ಮೇಳಕ್ಕೆ ಹೋದರು. ಕಲಾವಿದನಿಗೆ ನಾವು ಕೊಟ್ಟ ಈ ಔದಾರ್ಯ ಆಟಗಾರನಿಗೆ ಏಕೆ ಸಿಗುವುದಿಲ್ಲ?

ಕರ್ನಾಟಕ ಕಂಡ ಫುಟ್‌ಬಾಲ್ ಸಂಚಾರಿಗಳಲ್ಲಿ ನನಗೆ ಮೊದಲು ನೆನಪಾಗುವ ಹೆಸರು ಕಾರ್ಲ್‌ಟನ್ ಚಾಪ್‌ಮನ್ ಅವರದು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಅವರು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಆ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕ್‌ನ ಅಲ್ ಝವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿದಾಗ ಮೂರು ಗೋಲು ಹೊಡೆದವರು ಈ ಹುಡುಗ. 1995ರಲ್ಲಿ ಪಂಜಾಬಿನ ಫಗ್ವಾರದ ಜೆಸಿಟಿಗೆ ಹೋದರು. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜತೆಗೂಡಿ 1996–97ರ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದರು. ಅಲ್ಲಿಂದ ಕೇರಳದ ಎಫ್‌ಸಿ ಕೊಚ್ಚಿನ್. 1998ರಲ್ಲಿ ಮರಳಿ ಈಸ್ಟ್ ಬೆಂಗಾಲ್. ನಾಯಕನಾಗಿ 2001ರಲ್ಲಿ ಆ ತಂಡಕ್ಕೆ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟು ಬೂಟು ಕಳಚಿದರು. ಭಾರತ ತಂಡದ ನಾಯಕರೂ ಆಗಿದ್ದರು. ಮಿಡ್‌ಫೀಲ್ಡ್‌ನಲ್ಲಿ ನಿಂತು ಚೆಂಡನ್ನು ಹಂಚುವ ಜವಾಬ್ದಾರಿ ಅವರದು. ಜೀವನವೂ ಹಾಗೆಯೇ ಪೂರ್ವ, ಉತ್ತರ, ದಕ್ಷಿಣಗಳಿಗೆ ಹಂಚಿಹೋಯಿತು.

ಈ ಪಟ್ಟಿಯನ್ನು ಮೇಲಿಂದ ಓದಿದರೆ ಒಬ್ಬ ಮನುಷ್ಯ ಎಂಟು ವರ್ಷಗಳಲ್ಲಿ ಮೂರು ರಾಜ್ಯಗಳ ಮನೆ ಬದಲಾಯಿಸಿದಂತೆ ಕಾಣುತ್ತದೆ. ಈಗ ಇದೇ ಪಟ್ಟಿಯನ್ನು ಇನ್ನೊಂದು ಕಡೆಯಿಂದ ಓದೋಣ. ದೇಶದ ವೃತ್ತಿಪರ ಫುಟ್‌ಬಾಲ್‌ಗೆ ಹೊಸ ದಾರಿ ತೋರುವುದಾಗಿ 1997ರಲ್ಲಿ ಹುಟ್ಟಿದ ಎಫ್‌ಸಿ ಕೊಚ್ಚಿನ್ ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದಿತು. 2002ರ ಹೊತ್ತಿಗೆ ಬಾಗಿಲು ಮುಚ್ಚಿತು. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ತಂಡವನ್ನೇ ವಿಸರ್ಜಿಸಿತು. ಅದಕ್ಕೂ ಒಂದು ವರ್ಷ ಮೊದಲು ಮುಂಬೈನ ಮಹೀಂದ್ರಾ ಯುನೈಟೆಡ್ ಕಣ್ಮುಚ್ಚಿತ್ತು. ಆಟಗಾರ ಕ್ಲಬ್ ಬಿಟ್ಟುಹೋದನೆಂದು ನಾವು ಲೆಕ್ಕ ಬರೆಯುತ್ತೇವೆ. ಕ್ಲಬ್ಬೇ ಆಟಗಾರರನ್ನು ಬಿಟ್ಟುಹೋದ ಲೆಕ್ಕವನ್ನು ಬರೆದಿಟ್ಟವರು ವಿರಳ.

ಈ ಅಸ್ಥಿರತೆ ಎಲ್ಲ ಆಟಗಾರರಿಗೂ ಇದ್ದದ್ದೇ. ಆದರೆ ವಿಂಗರ್‌ನ ಪಾಡು ಇನ್ನಷ್ಟು ಸೂಕ್ಷ್ಮವಾದುದು. ಮೈದಾನದ ಅಂಚಿನ ಗೆರೆಗುಂಟ ಚೆಂಡನ್ನು ಒಯ್ದು, ಎದುರಾಳಿಯನ್ನು ಓಟದಲ್ಲಿ ಹಿಂದಿಕ್ಕಿ, ಗೋಲಿನ ಮುಂದಿದ್ದವನಿಗೆ ಒಪ್ಪಿಸುವುದು ಅವನ ಕಾಯಕ. ಅವನ ಬಂಡವಾಳ ವೇಗ. ಮಿಡ್‌ಫೀಲ್ಡ್ ಆಟಗಾರನ ಬುದ್ಧಿ ವಯಸ್ಸಿನೊಂದಿಗೆ ಮಾಗಬಹುದು, ರಕ್ಷಣಾ ಆಟಗಾರ ಅನುಭವದಿಂದ ಕಾಲ ತಳ್ಳಬಹುದು. ವಿಂಗರ್‌ನ ಕಾಲಲ್ಲಿ ಅರ್ಧ ಹೆಜ್ಜೆ ಕಡಿಮೆಯಾದರೂ ಅದು ಗ್ಯಾಲರಿಯಲ್ಲಿ ಕುಳಿತವರಿಗೂ ಗೊತ್ತಾಗುತ್ತದೆ. ಹಾಗಾಗಿ ಅವನು ಒಂದೋ ಬೇರೆ ತಂಡ ಹುಡುಕಬೇಕು, ಇಲ್ಲವೇ ಬೇರೆ ಜಾಗದಲ್ಲಿ ಆಡಲು ಕಲಿಯಬೇಕು.

ಎರಡನ್ನೂ ಮಾಡಿದವರಿಗೆ ನಿಖಿಲ್ ಪೂಜಾರಿ ಉದಾಹರಣೆ. ವಿಂಗರ್ ಆಗಿ ಹೆಸರು ಮಾಡಿ ಆಮೇಲೆ ಬಲಬದಿಯ ರಕ್ಷಣೆಗೆ ಇಳಿದವರು ಇವರು. 2018ರ ಸ್ಯಾಫ್ ಟೂರ್ನಿಯಲ್ಲಿ ಮಾಲ್ಡೀವ್ಸ್ ವಿರುದ್ಧ ಭಾರತದ ಪರ ಗೋಲು ಹೊಡೆದವರು. ಈಸ್ಟ್ ಬೆಂಗಾಲ್‌ನಿಂದ 2018ರಲ್ಲಿ ಪುಣೆ ಸಿಟಿ ತಂಡಕ್ಕೆ ಬಂದರು. ಮರುವರ್ಷ ಆ ತಂಡವೇ ಇಲ್ಲವಾಗಿ ಅದರ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಹುಟ್ಟಿತು, ಅವರು ಹೈದರಾಬಾದಿಗರಾದರು. ಆ ತಂಡ 2021–22ರ ಇಂಡಿಯನ್ ಸೂಪರ್ ಲೀಗ್ ಗೆದ್ದಾಗ ಬಳಗದಲ್ಲಿದ್ದರು. ಕಪ್ ಗೆದ್ದು ಎರಡು ವರ್ಷ ತುಂಬುವುದರೊಳಗೆ ಆ ತಂಡ ಹಣದ ಮುಗ್ಗಟ್ಟಿಗೆ ಸಿಕ್ಕಿತು. 2024ರ ಜನವರಿಯಲ್ಲಿ ಪೂಜಾರಿ ಬೆಂಗಳೂರು ಎಫ್‌ಸಿ ಸೇರಿದರು. 2025ರಲ್ಲಿ ಆ ಹೈದರಾಬಾದ್ ತಂಡವೂ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಇಲ್ಲಿ ಅಲೆಮಾರಿ ಯಾರು? ಆಟಗಾರನೋ, ಕ್ಲಬ್ಬೋ?

ನಮ್ಮ ರಾಜಧಾನಿಯ ತಂಡವಾದರೂ ಭದ್ರವಾಗಿತ್ತೆಂದು ಹೇಳುವಂತಿಲ್ಲ. 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ–ಲೀಗ್ ಗೆದ್ದು, 2018–19ರಲ್ಲಿ ಸೂಪರ್ ಲೀಗ್ ಕೂಡ ಗೆದ್ದ ಬೆಂಗಳೂರು ಎಫ್‌ಸಿ ದೇಶದ ಅಚ್ಚುಕಟ್ಟಾದ ಕ್ಲಬ್‌ಗಳಲ್ಲಿ ಒಂದೆಂದು ಹೆಸರಾದುದು. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದದ ನವೀಕರಣ ನೆನೆಗುದಿಗೆ ಬಿದ್ದಾಗ, 2025ರ ಜುಲೈನಲ್ಲಿ ಲೀಗನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಕ್ಲಬ್ಬನ್ನು ದೂರಿ ಪ್ರಯೋಜನವಿಲ್ಲ; ಪಂದ್ಯವೇ ಇಲ್ಲದಿದ್ದರೆ ಆದಾಯ ಎಲ್ಲಿಂದ ಬರಬೇಕು? ಆದರೆ ಯಾರದೋ ಕರಾರು ಮುಗಿದದ್ದಕ್ಕೆ ಮೊದಲು ಬರಿದಾದದ್ದು ಆಟಗಾರನ ಜೇಬು ಎಂಬುದನ್ನು ಮರೆಯಲಾಗದು.

ಹಿಂದೆ ಹೀಗಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಸುಮಾರು ಹತ್ತು ವರ್ಷ ಅಲ್ಲಿಯೇ ಆಡಿದರು. 1948 ಮತ್ತು 1952ರ ಒಲಿಂಪಿಕ್ಸ್‌ಗೆ ಹೋದರು. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನದಲ್ಲಿ ಪಾಲುದಾರರಾದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10 ಗೋಲು ಹೊಡೆದ ಪಂದ್ಯದಲ್ಲಿ ಭಾರತದ ಒಂದೇ ಒಂದು ಗೋಲು ಅವರದು. ಅಂದಿನವರ ನಿಷ್ಠೆಯನ್ನು ಇಂದಿನವರಿಗೆ ಪಾಠವಾಗಿ ಹೇಳುವ ಮುನ್ನ ಅಂದಿನ ವ್ಯವಸ್ಥೆಯನ್ನೂ ನೋಡಬೇಕು. ಮುಂದಿನ ದಶಕಗಳಲ್ಲಿ ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ತಂಡ ಕಟ್ಟಿದ್ದವು. ಆಟಗಾರನಿಗೆ ಅಲ್ಲಿ ನೌಕರಿ ಇತ್ತು. ಮಂಡಿ ಮುರಿದರೂ ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ. ಬೂಟು ಕಳಚಿದ ಮೇಲೂ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತಿತ್ತು. ಕಾಲೂರಲು ನೆಲವಿದ್ದವನು ಒಂದೆಡೆ ನಿಲ್ಲುತ್ತಾನೆ. ಅದನ್ನು ನಾವು ನಿಷ್ಠೆ ಎನ್ನುತ್ತೇವೆ.

ಈ ಮಾತಿಗೆ ನನ್ನ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಅಥ್ಲೀಟ್‌ಗಳನ್ನಾಗಿ ಬೆಳೆಸುವ ಯೋಜನೆಯನ್ನು ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಆರಂಭಿಸಿತು. ಮಕ್ಕಳು ಮನೆ ಬಿಟ್ಟು ದೂರದ ತರಬೇತಿ ಕೇಂದ್ರಗಳಿಗೆ ಹೋದರು, ಓಡಿದರು, ಪದಕ ಗೆದ್ದರು. 1993ರಲ್ಲಿ ಯೋಜನೆ ನಿಂತಿತು. ಕೆಲವರಿಗೆ ನೌಕರಿ ದೊರೆಯಿತು. ಹಲವರು ಬಂದ ದಾರಿಯಲ್ಲಿಯೇ ಊರಿಗೆ ಮರಳಿದರು. ಆ ಮಕ್ಕಳು ಓಟವನ್ನು ಬಿಡಲಿಲ್ಲ, ಓಡಿಸಿದವರು ಕೈಬಿಟ್ಟರು. 'ಅವರಲ್ಲಿ ಛಲ ಸಾಲದು' ಎಂದು ಆಮೇಲೆ ಹೇಳಿದವರಿಗೆ ಈ ವ್ಯತ್ಯಾಸ ಕಂಡಿರಲಿಕ್ಕಿಲ್ಲ.

ಹಣದಾಸೆಗೆ ತಂಡ ಬದಲಿಸುವ ಆಟಗಾರರು ಇಲ್ಲವೆಂದು ನಾನು ವಾದಿಸುತ್ತಿಲ್ಲ. ಇದ್ದಾರೆ. ದಲ್ಲಾಳಿಗಳ ಮಾತಿಗೆ ಮರುಳಾಗಿ ಒಳ್ಳೆಯ ತರಬೇತುದಾರನನ್ನು ಬಿಟ್ಟು ಹೋಗಿ ಮೂಲೆಗುಂಪಾದವರೂ ಇದ್ದಾರೆ. ಆದರೆ ಹತ್ತು–ಹನ್ನೆರಡು ವರ್ಷಗಳ ದುಡಿಮೆಯಲ್ಲಿ ನಲವತ್ತು ವರ್ಷಗಳ ಅನ್ನ ಸಂಪಾದಿಸಬೇಕಾದವನು ಹೆಚ್ಚು ಕೊಡುವವರತ್ತ ನೋಡುವುದು ದೋಷವೆಂದು ಹೇಗೆ ಹೇಳುವುದು? ಹೆಚ್ಚಿನ ಸಂಬಳಕ್ಕೆ ಕಂಪನಿ ಬದಲಿಸಿದ ಎಂಜಿನಿಯರ್‌ನ ಮನೆಯಲ್ಲಿ ನಾವು ಸಿಹಿ ತಿನ್ನುತ್ತೇವೆ.

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮಗಳು ಈ ವಿಷಯದಲ್ಲಿ ನಮಗಿಂತ ಉದಾರವಾಗಿವೆ. ಕ್ಲಬ್ ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ ಆಟಗಾರ ಲಿಖಿತವಾಗಿ ತಿಳಿಸಿ, ಕನಿಷ್ಠ 15 ದಿನಗಳ ಗಡುವು ಕೊಟ್ಟು, ಆಗಲೂ ಬಾಕಿ ತೀರದಿದ್ದರೆ ಕರಾರು ಮುರಿಯಬಹುದು. ಅಂಥವನನ್ನು ಓಡಿಹೋದವನೆಂದು ನಿಯಮ ಪರಿಗಣಿಸುವುದಿಲ್ಲ. ಇನ್ನೊಂದು ನಿಯಮ ಇನ್ನೂ ಅರ್ಥಪೂರ್ಣವಾದುದು. ಆಟಗಾರ ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾದಾಗ ಆ ಮೊತ್ತದ ಶೇ 5ರಷ್ಟನ್ನು 12ರಿಂದ 23ರ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. ಎಷ್ಟೇ ದೂರ ಅಲೆದರೂ ಮೊದಲ ಮೈದಾನದ ಋಣ ತೀರದು ಎಂಬ ತತ್ವ ಇದರಲ್ಲಿದೆ. ನಮ್ಮ ತಾಲ್ಲೂಕುಗಳಲ್ಲಿ ಆ ಮೊದಲ ಮೈದಾನ ಎಂದರೆ ಸರ್ಕಾರಿ ಶಾಲೆಯ ಅಂಗಳ, ಮೊದಲ ಗುರು ದೈಹಿಕ ಶಿಕ್ಷಕ. ನೋಂದಾಯಿತ ಕ್ಲಬ್ ಇಲ್ಲದ ಊರಿಗೆ ಆ ನಿಯಮದಿಂದ ಕವಡೆ ಕಾಸೂ ಬರುವುದಿಲ್ಲ. ಜಿಲ್ಲೆಗೊಂದಾದರೂ ನೋಂದಾಯಿತ ಕಿರಿಯರ ಕ್ಲಬ್ ಕಟ್ಟಿದರೆ ಅದು ಬರಿಯ ಆಟದ ಮಾತಾಗದೆ ಹಕ್ಕಿನ ಮಾತಾಗುತ್ತದೆ.

ಕರ್ನಾಟಕದ ಹುಡುಗರಲ್ಲಿ ಸಾಮರ್ಥ್ಯದ ಕೊರತೆ ಇಲ್ಲ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಗೆಲುವು 1968–69ರಲ್ಲಿ, ಇನ್ನೂ ಮೈಸೂರು ರಾಜ್ಯವೆಂಬ ಹೆಸರಿದ್ದಾಗ ಬಂದದ್ದು. ಐವತ್ತನಾಲ್ಕು ವರ್ಷಗಳ ಬಳಿಕ ಬಂದ ಕಪ್ಪನ್ನು ನಾವು ಒಂದು ವಾರ ಸಂಭ್ರಮಿಸಿದೆವು. ಆ ಆಟಗಾರರಿಗೆ ಮೂವತ್ತೈದು ತುಂಬಿದಾಗ ಅವರ ಕೈಯಲ್ಲಿ ಏನಿರಬೇಕು ಎಂಬ ಪ್ರಶ್ನೆ ಮಾತ್ರ ಚರ್ಚೆಗೆ ಬರಲಿಲ್ಲ.

ನನ್ನ ದೃಷ್ಟಿಯಲ್ಲಿ ಮೂರು ಸಂಗತಿಗಳು ತುರ್ತಾಗಿ ಆಗಬೇಕು. ಕ್ಲಬ್ ಮುಚ್ಚಿದರೂ ಕನಿಷ್ಠ ಒಂದು ಋತುವಿನ ಸಂಬಳ ಸಿಗುವಂತೆ ಲೀಗ್‌ಗೆ ಸೇರುವ ಮುನ್ನವೇ ಠೇವಣಿ ಇಡಿಸಬೇಕು. ಆಟಗಾರ ಕಣದಲ್ಲಿರುವಾಗಲೇ ತರಬೇತುದಾರನ ಪರವಾನಗಿ ಪಡೆಯಲು ಕ್ಲಬ್ಬುಗಳು ನೆರವಾಗಬೇಕು. ವಸತಿ ಕ್ರೀಡಾ ಶಾಲೆಗೆ ಸೇರಿದ ಮಗುವಿನ ಓದು ನಿಲ್ಲದಂತೆ ಸರ್ಕಾರ ನೋಡಿಕೊಳ್ಳಬೇಕು. ಭುಟಿಯಾ ಅಧ್ಯಕ್ಷತೆಯಲ್ಲಿ 2006ರಲ್ಲಿ ಆರಂಭವಾದ ಆಟಗಾರರ ಸಂಘ ಇಂಥ ಹಕ್ಕುಗಳಿಗೆ ದನಿಯಾಗಲೆಂದೇ ಹುಟ್ಟಿದ್ದು. ಕೇಳಿಸಿಕೊಳ್ಳುವ ಕಿವಿಗಳು ಬೇಕಷ್ಟೆ.

ಚಾಪ್‌ಮನ್ ಅವರ ತಿರುಗಾಟ 2001ಕ್ಕೆ ಮುಗಿಯಲಿಲ್ಲ. ಟಾಟಾ ಅಕಾಡೆಮಿ, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, ಕೋಯಿಕ್ಕೋಡಿನ ಅಕಾಡೆಮಿ, ಹೀಗೆ ಎಳೆಯರಿಗೆ ಆಟ ಕಲಿಸುತ್ತ ದೇಶ ಸುತ್ತಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ. ಅವರ ಕ್ಲಬ್ಬುಗಳಲ್ಲಿ ಎರಡು ಅವರಿಗಿಂತ ಮೊದಲೇ ಇಲ್ಲವಾಗಿದ್ದವು. ಕ್ಲಬ್ಬುಗಳು ಬಂದುಹೋದರೂ ಮೂರು ದಶಕ ಅವರು ಬಿಡದೆ ಹಿಡಿದದ್ದು ಫುಟ್‌ಬಾಲನ್ನು. ನಿಷ್ಠೆ ಎಂಬ ಮಾತಿಗೆ ಇದಕ್ಕಿಂತ ಬೇರೆ ಅರ್ಥವಿದ್ದರೆ ಬಲ್ಲವರು ಹೇಳಬೇಕು.