ವಾಡಿಯ ಹಳಿಯ ಪಕ್ಕದಲ್ಲಿ

ಸೇಡಂನಿಂದ ಚಿತ್ತಾಪುರದ ಮೇಲೆ ವಾಡಿಗೆ ಬಂದಿಳಿದಾಗಲೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ. ರೈಲಿಲ್ಲದ ಚಿಂಚೋಳಿಯ ವಿದ್ಯಾರ್ಥಿಯೊಬ್ಬ, ಕೈಗಾದಂಥ ಸ್ಥಾವರಗಳಲ್ಲಿ ಉರಿದ ಪರಮಾಣು ಇಂಧನವನ್ನು ರೈಲಿನಲ್ಲಿ ಸಾಗಿಸುವುದು ಹೇಗೆಂದು ಕೇಳಿದ್ದ. ಕನ್ನಡದ ಮೇಷ್ಟ್ರಾದ ನಾನು ಓದಿಕೊಂಡು ಹೋಗಿ ಮರುವಾರ ಹೇಳಿದೆ.

ಉರಿದರೂ ಅದು ಬೂದಿಯಲ್ಲ. ಬಿಸಿಯೂ ವಿಕಿರಣವೂ ತಗ್ಗಲೆಂದು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿಡಬೇಕು. ಬಳಿಕ ದಪ್ಪಗೋಡೆಯ ಉಕ್ಕಿನ ಪೆಟ್ಟಿಗೆ. ಅದರ ಮಾದರಿ 9 ಮೀಟರ್ ಎತ್ತರದಿಂದ ಬಿದ್ದು, 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಬೆಂದರೂ ತಡೆದು ನಿಲ್ಲಬೇಕೆಂಬುದು ಅಂತರರಾಷ್ಟ್ರೀಯ ನಿಯಮ. 1984ರಲ್ಲಿ ಇಂಗ್ಲೆಂಡಿನವರು ಇಂಧನವಿಲ್ಲದ ಅಂಥದೊಂದು ಪೆಟ್ಟಿಗೆಗೆ 100 ಮೈಲಿ ವೇಗದ ಎಂಜಿನನ್ನೇ ಗುದ್ದಿಸಿದರು. ಎಂಜಿನು ನುಜ್ಜಾಯಿತು, ಪೆಟ್ಟಿಗೆ ಬಾಯಿ ಬಿಡಲಿಲ್ಲ.

"ಪೆಟ್ಟಿಗಿ ಖರೆ ಗಟ್ಟಿ ಅದ. ಶಹಾಬಾದದಾಗ ಗೇಟ್ ಕಾಯೋರಿಗಿ, ಬೆಂಕಿ ಆರಿಸೋ ಮಂದಿಗಿ ಮೊದಲ ಯಾರ್ ಕಲಿಸ್ತಾರ್ರಿ ಸರ?" ಎಂದ.

ಸಿದ್ಧತೆಯಲ್ಲಿ ಕಷ್ಟದ ಭಾಗ ಅದೇ. ನಾನು ಓದಿಕೊಂಡು ಹೋದದ್ದು ಉಕ್ಕಿನ ವಿಷಯ ಮಾತ್ರ.