ಉನ್ನತ ತಾಂತ್ರಿಕ ವ್ಯಾಸಂಗ ಮತ್ತು ವಿದ್ಯಾರ್ಥಿಯ ಆರೋಗ್ಯ

ಬಬಲೇಶ್ವರ, ತಿಕೋಟಾ ಹಾಗೂ ಸುತ್ತಲಿನ ಗ್ರಾಮಗಳ ಅನೇಕ ಮನೆತನಗಳಲ್ಲಿ ಇಂದು ಎಂ.ಟೆಕ್. ಓದುವ ಮಗನೋ ಮಗಳೋ ಇದ್ದಾರೆ. ಒಂದು ತಲೆಮಾರಿನ ಹಿಂದೆ ಇದು ಅಪರೂಪದ ಸಂಗತಿಯಾಗಿತ್ತು. 1980ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ವಚನ ಸಾಹಿತ್ಯವನ್ನು ಉಳಿಸಿಕೊಟ್ಟ ಫ.ಗು. ಹಳಕಟ್ಟಿಯವರ ಹೆಸರನ್ನು ಅದು ಹೊತ್ತಿದೆ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮನೆಯಂಗಳದಲ್ಲಿಯೇ ಬಿ.ಇ. ಮುಗಿಸಿದ ನಮ್ಮ ಮಕ್ಕಳು ಗೇಟ್ ಪರೀಕ್ಷೆ ಬರೆದು ಬೆಂಗಳೂರು, ಮುಂಬಯಿ, ಚೆನ್ನೈ ನಗರಗಳಿಗೂ, ಕೆಲವರು ಜರ್ಮನಿ, ಅಮೆರಿಕಗಳಿಗೂ ಹೋಗುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ರಜೆಗೆ ಮರಳಿದ ಮಕ್ಕಳನ್ನು ಕರೆದುಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬರುವ ತಂದೆತಾಯಿಗಳು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಇವನು ಓದುತ್ತಿರುವುದಾದರೂ ಏನು? ಇವನು ಹೀಗೇಕೆ ಸೊರಗಿದ?

ಮೊದಲನೆಯ ಪ್ರಶ್ನೆಗೆ ಉತ್ತರ ತಿಳಿಯದೆ ಎರಡನೆಯದಕ್ಕೆ ಉತ್ತರ ಹೇಳಲಾಗದು. ಆದ್ದರಿಂದ ಅಂತಹ ವ್ಯಾಸಂಗಗಳಲ್ಲಿ ಒಂದಾದ ಸಿಸ್ಟಮ್ಸ್ ಇಂಜಿನಿಯರಿಂಗ್ ಕುರಿತು, ನಮಗೆ ಚಿಕಿತ್ಸೆಗೆ ಬಂದ ವಿದ್ಯಾರ್ಥಿಯೊಬ್ಬನ ಅನುಭವವನ್ನು ಮುಂದಿಟ್ಟುಕೊಂಡು, ಇಲ್ಲಿ ವಿವರಿಸುತ್ತೇವೆ.

ಮೋಟಾರನ್ನು ಒಬ್ಬ, ಕೊಳವೆಯನ್ನು ಮತ್ತೊಬ್ಬ, ಗಣಕಯಂತ್ರದ ಆದೇಶಗಳನ್ನು ಮಗದೊಬ್ಬ ರೂಪಿಸಬಲ್ಲರು. ಇವೆಲ್ಲ ಕೂಡಿದಾಗ ಒಟ್ಟು ಕೆಲಸ ಸರಿಯಾಗಿ ನಡೆಯುವುದೇ, ಒಂದು ಭಾಗ ಕೆಟ್ಟರೆ ಉಳಿದವುಗಳ ಗತಿಯೇನು ಎಂದು ಮುಂಚಿತವಾಗಿ ಯೋಚಿಸುವುದೇ ಸಿಸ್ಟಮ್ಸ್ ಇಂಜಿನಿಯರನ ಕಾರ್ಯ. 1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯಗಳಲ್ಲಿ ಈ ಹೆಸರು ಬಳಕೆಗೆ ಬಂದಿತು. ಹೆಸರು ಹೊಸದು, ವಿಚಾರ ಹಳೆಯದು. ವಿಜಯಪುರಕ್ಕೆ ಹೋದಾಗ ನಗರದಲ್ಲಿ ಅಲ್ಲಲ್ಲಿ ನಿಂತಿರುವ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಭಕ್ತರು ನೋಡಿರಬಹುದು. ಆದಿಲ್‌ಶಾಹಿ ಅರಸರು ತೊರವಿಯಿಂದಲೂ, ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನಿಂದಲೂ ನಗರಕ್ಕೆ ನೆಲದಡಿಯಲ್ಲಿ ನೀರು ತಂದರು. ಮಣ್ಣಿನ ಕೊಳವೆಗಳು ನೀರಿನ ಒತ್ತಡಕ್ಕೆ ಒಡೆಯಬಾರದೆಂದು ನಡುನಡುವೆ ಈ ಗೋಪುರಗಳನ್ನು ನಿಲ್ಲಿಸಿದರು. ನೀರು ಗೋಪುರದೊಳಗೆ ಏರಿ ಒತ್ತಡವನ್ನು ಕಳೆದುಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದೆ ಹರಿಯುತ್ತಿತ್ತು. ಕೆರೆ, ಕೊಳವೆ, ಗೋಪುರ, ಬಳಸುವ ಜನ ಇವೆಲ್ಲವನ್ನೂ ಒಂದೇ ದೃಷ್ಟಿಯಲ್ಲಿ ಕಂಡವರ ಕೆಲಸವದು.

ಇನ್ನೊಂದು ನಿದರ್ಶನವನ್ನು ಆ ವಿದ್ಯಾರ್ಥಿಯೇ ನಮಗೆ ತಿಳಿಸಿದ. ಭಾರತದ ಮೊದಲ ಉಪಗ್ರಹ ಆರ್ಯಭಟವು ಉಡುಪಿ ಸೀಮೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಕಕ್ಷೆಗೆ ಸೇರಿತು. ಅದರಲ್ಲಿ ಮೂರು ವೈಜ್ಞಾನಿಕ ಪ್ರಯೋಗಗಳಿದ್ದವು. ಕೆಲವೇ ದಿನಗಳಲ್ಲಿ ಅವು ನಿಂತುಹೋದವು. ಪ್ರಯೋಗದ ಉಪಕರಣಗಳು ಕೆಟ್ಟಿರಲಿಲ್ಲ, ಅವುಗಳಿಗೆ ವಿದ್ಯುತ್ತು ಒದಗಿಸುವ ಭಾಗ ಕೆಟ್ಟಿತ್ತು. ಉಪಗ್ರಹದಿಂದ ಕಲಿತ ಪಾಠ ದೊಡ್ಡದು, ಮುಂದಿನ ಉಪಗ್ರಹಗಳು ಅದರ ಮೇಲೆಯೇ ನಿಂತವು. ಈ ಸಂಗತಿಯನ್ನು ಅವನು ಉತ್ಸಾಹದಿಂದ ವಿವರಿಸುತ್ತಿದ್ದಾಗ ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು, ನಾಡಿ ಚಂಚಲವಾಗಿತ್ತು, ಏಳು ಕಿಲೋ ತೂಕ ಇಳಿದಿತ್ತು.

ಅವನ ಹೆಸರು, ಊರು ಹೇಳುವುದು ವೈದ್ಯಧರ್ಮವಲ್ಲ. ಅವನೂ ಅವನ ತಂದೆಯೂ ಒಪ್ಪಿದ್ದರಿಂದ ಸಂಗತಿಯನ್ನಷ್ಟೇ ಬರೆಯುತ್ತಿದ್ದೇವೆ. ದ್ರಾಕ್ಷಿ ಬೆಳೆಗಾರರ ಮಗ. ಬಿ.ಇ.ಯಲ್ಲಿ ತರಗತಿಗೆ ಮೊದಲಿಗ. ದೂರದ ನಗರದ ದೊಡ್ಡ ಸಂಸ್ಥೆಯೊಂದರಲ್ಲಿ ಸೀಟು ದೊರೆಯಿತು. ಎಂ.ಟೆಕ್. ಎರಡು ವರ್ಷದ ಓದು. ಮೊದಲ ವರ್ಷ ತರಗತಿಗಳು, ಎರಡನೆಯ ವರ್ಷ ಬಹುಮಟ್ಟಿಗೆ ಪ್ರಬಂಧ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿತ್ತು. ಅದಕ್ಕೆ ಪ್ರತಿಯಾಗಿ ವಾರಕ್ಕೆ ಇಂತಿಷ್ಟು ತಾಸು ಕಿರಿಯ ವಿದ್ಯಾರ್ಥಿಗಳ ಪ್ರಯೋಗಾಲಯ ನೋಡಿಕೊಳ್ಳಬೇಕು, ಉತ್ತರಪತ್ರಿಕೆ ತಿದ್ದಬೇಕು. ಅದರಲ್ಲಿಯೇ ಉಳಿಸಿ ಮನೆಗೆ ಕಳಿಸುವ ಹಟ ಇವನದು. ಹಾಗಾಗಿ ಬೆಳಗಿನ ಉಪಾಹಾರವನ್ನು ಬಿಟ್ಟ.

ಮೊದಲ ಆರು ತಿಂಗಳಲ್ಲಿ ಅವನನ್ನು ಕುಗ್ಗಿಸಿದ್ದು ಗಣಿತಕ್ಕಿಂತ ಹೆಚ್ಚಾಗಿ ಸ್ಥಾನಪಲ್ಲಟ. ಇಲ್ಲಿ ಮೊದಲಿಗನಾಗಿದ್ದವನು ಅಲ್ಲಿ ನಡುವಿನವನಾದ. ಉಪನ್ಯಾಸದ ಇಂಗ್ಲಿಷಿನ ವೇಗ ಹಿಡಿಯಲು ಒಂದೇ ಪಾಠವನ್ನು ರಾತ್ರಿ ಮತ್ತೊಮ್ಮೆ ಓದಬೇಕಾಯಿತು. ಈ ಶಾಸ್ತ್ರದಲ್ಲಿ ಗುಂಪಿನ ಕೆಲಸ ಬಹಳ. ನಾಲ್ವರು ಕೂಡಿ ಒಂದು ವ್ಯವಸ್ಥೆಯನ್ನು ರೂಪಿಸುವಾಗ ಒಬ್ಬನ ಭಾಗ ತಡವಾದರೆ ನಾಲ್ವರಿಗೂ ತಡ. ಸಂಕೋಚದ ಸ್ವಭಾವದವನಾದ್ದರಿಂದ ಇತರರ ಬಾಕಿಯನ್ನೂ ತಾನೇ ಹೊತ್ತುಕೊಂಡ. ಎರಡನೆಯ ವರ್ಷ ಪ್ರಬಂಧದ ಲೆಕ್ಕಾಚಾರಗಳನ್ನು ಗಣಕಯಂತ್ರದಲ್ಲಿ ರಾತ್ರಿಯಿಡೀ ಓಡಿಸುವುದು, ಎರಡು ತಾಸಿಗೊಮ್ಮೆ ಎದ್ದು ನೋಡುವುದು, ಕಾಫಿ ಕುಡಿಯುವುದು. ಡಿಸೆಂಬರಿನಲ್ಲಿ ಉದ್ಯೋಗದ ಸಂದರ್ಶನಗಳು ಬಂದವು. ಜೊತೆಯವರಿಗೆ ಕೆಲಸ ದೊರೆತ ವಾರ್ತೆ ದಿನಕ್ಕೊಂದು, ಇವನಿಗೆ ಇಲ್ಲ. ಅಕ್ಟೋಬರ್ ಚಾಟನಿಯ ನಂತರ ಮಳೆ ಬಂದು ಊರಲ್ಲಿ ಬೆಳೆಯೂ ಕೈಕೊಟ್ಟಿತ್ತೆಂದು ತಂದೆ ಅವನಿಗೆ ಹೇಳಿರಲಿಲ್ಲ, ಅಣ್ಣ ಹೇಳಿದ್ದ.

ಸಂಕ್ರಾಂತಿಗೆ ಬಂದಾಗ ಅವನ ದೂರುಗಳು ಹೀಗಿದ್ದವು: ಎದೆಯುರಿ, ಮಲಬದ್ಧತೆ, ಕೂದಲು ಉದುರುವಿಕೆ, ಎದೆ ಡವಡವ, ಮಲಗಿದರೂ ನಿದ್ರೆ ಬಾರದಿರುವುದು. ಇವಕ್ಕೆ ಐದು ಬೇರೆ ಬೇರೆ ಔಷಧಿಗಳನ್ನು ಅವನು ತೆಗೆದುಕೊಳ್ಳುತ್ತಿದ್ದ. ಅದರಲ್ಲಿ ಎರಡು, ಜಾಹೀರಾತು ನೋಡಿ ತರಿಸಿಕೊಂಡ ಅಶ್ವಗಂಧ ಮತ್ತು ಬ್ರಾಹ್ಮಿಯ ಮಾತ್ರೆಗಳು.

ಇಲ್ಲಿ ಆಯುರ್ವೇದದ ದೃಷ್ಟಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಚರಕ ಸಂಹಿತೆಯು ಶರೀರವನ್ನು ಹೊತ್ತು ನಿಲ್ಲಿಸುವ ಮೂರು ಉಪಸ್ತಂಭಗಳನ್ನು ಹೇಳುತ್ತದೆ: ಆಹಾರ, ನಿದ್ರೆ, ಬ್ರಹ್ಮಚರ್ಯ. ವಿದ್ಯಾರ್ಥಿಯು ಮೊದಲೆರಡನ್ನು ತಾನು ಉಳಿತಾಯ ಮಾಡಬಹುದಾದ ಖರ್ಚೆಂದು ಭಾವಿಸುತ್ತಾನೆ. ರಾತ್ರಿ ಜಾಗರಣೆಯು ರೂಕ್ಷಗುಣವನ್ನು ಹೆಚ್ಚಿಸಿ ವಾತವನ್ನು ಕೆರಳಿಸುತ್ತದೆ. ಮಲಬದ್ಧತೆ, ಎದೆಬಡಿತ, ನಿದ್ರಾನಾಶ ಇವೆಲ್ಲ ಅದರ ಸಂತಾನ. ಹೊತ್ತು ತಪ್ಪಿ ಉಣ್ಣುವುದನ್ನು ವಿಷಮಾಶನ ಎನ್ನುತ್ತೇವೆ. ಮೊದಲಿನ ಅನ್ನ ಜೀರ್ಣವಾಗುವ ಮುನ್ನ ಮತ್ತೆ ತಿನ್ನುವುದು ಅಧ್ಯಶನ. ರಾತ್ರಿ ಒಂಬತ್ತಕ್ಕೆ ಊಟ ಮಾಡಿ ಹನ್ನೊಂದೂವರೆಗೆ ನೂಡಲ್ಸ್ ತಿನ್ನುವ ಹಾಸ್ಟೆಲಿನ ಪದ್ಧತಿ ಇದಕ್ಕೆ ಸರಿಯಾದ ಉದಾಹರಣೆ. ಇನ್ನು ಮಲಮೂತ್ರ, ಹಸಿವು, ನೀರಡಿಕೆ, ನಿದ್ರೆ ಮೊದಲಾದ ಹದಿಮೂರು ಸಹಜ ವೇಗಗಳನ್ನು ತಡೆಯಬಾರದೆಂದು ಚರಕ ಹೇಳಿದ್ದಾನೆ. ಪರದೆಯ ಮುಂದೆ ಕುಳಿತವನು ಇವುಗಳಲ್ಲಿ ನಾಲ್ಕೈದನ್ನು ದಿನವೂ ತಡೆಯುತ್ತಾನೆ. ಒತ್ತಡ ಕಳೆಯಲು ನಡುವೆ ಗೋಪುರವಿಲ್ಲದ ಕೊಳವೆ ಅವನ ದೇಹ.

ಒಬ್ಬ ಸಿಸ್ಟಮ್ಸ್ ವಿದ್ಯಾರ್ಥಿಗೆ ಇದು ತಿಳಿಯದೆ ಹೋಗುವುದೇಕೆ? ಕಾರಣ, ಪರಿಣಾಮ ತಡವಾಗಿ ಕಾಣುತ್ತದೆ. ಅವರ ಶಾಸ್ತ್ರದಲ್ಲಿ ಫೀಡ್‌ಬ್ಯಾಕ್ ಎಂಬ ಮುಖ್ಯ ಪರಿಕಲ್ಪನೆಯಿದೆ: ಹೊರಬಂದ ಫಲವನ್ನು ಅಳೆದು ಒಳಹೋಗುವುದನ್ನು ತಿದ್ದಿಕೊಳ್ಳುವುದು. ಈ ಅಳತೆ ತಡವಾಗಿ ಬಂದರೆ ವ್ಯವಸ್ಥೆ ತೂಗಾಡುತ್ತದೆ. ಕಾಲುವೆಯ ತೂಬು ಇಂದು ತೆರೆದರೆ ಕೊನೆಯ ಹೊಲಕ್ಕೆ ನೀರು ಮುಟ್ಟಲು ದಿನಗಳು ಬೇಕು. ಮುಟ್ಟಲಿಲ್ಲವೆಂದು ಅವಸರದಿಂದ ಇನ್ನಷ್ಟು ತೆರೆದರೆ ನಂತರ ಹೊಲ ಕೊಚ್ಚಿಹೋಗುತ್ತದೆ. ನೀರಾವರಿ ಬಂದ ಮೇಲೆ ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಹವೂ ಹಾಗೆಯೇ. ಇಂದು ಕೆಟ್ಟ ನಿದ್ರೆಯ ಫಲ ನಾಳೆ ಕಾಣದು. ನಾಳೆ ಕಾಫಿ ಅದನ್ನು ಮುಚ್ಚುತ್ತದೆ. ಕುಡಿದ ಕಾಫಿಯ ಸತ್ವದಲ್ಲಿ ಅರ್ಧ ಭಾಗ ಸುಮಾರು ಐದು ತಾಸಿನ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಆದ್ದರಿಂದ ಸಂಜೆ ಏಳರ ಕಾಫಿ ನಡುರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆ ಮರುದಿನ ಇನ್ನೊಂದು ಕಾಫಿಯನ್ನು ಬೇಡುತ್ತದೆ. ಇದನ್ನು ಕಾಗದದ ಮೇಲೆ ಸುತ್ತು ಬರೆದು ತೋರಿಸಿದಾಗ ಅವನು ಮೊದಲ ಬಾರಿಗೆ ನಕ್ಕ. ತನ್ನ ಪಠ್ಯದ ಚಿತ್ರವೇ ಇದು ಎಂದ.

ಚಿಕಿತ್ಸೆಯಲ್ಲಿ ನಾವು ಮೊದಲು ಮಾಡಿದ್ದು ಜಾಹೀರಾತಿನ ಮಾತ್ರೆಗಳನ್ನು ನಿಲ್ಲಿಸಿದ್ದು. ಅಶ್ವಗಂಧ ಉತ್ತಮ ದ್ರವ್ಯ, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ನಿದ್ರೆಗೆ ಬದಲಿಯಲ್ಲ, ಥೈರಾಯ್ಡ್ ಔಷಧಿ ತೆಗೆದುಕೊಳ್ಳುವವರು, ಯಕೃತ್ತಿನ ತೊಂದರೆಯಿರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಆಯುರ್ವೇದದ ಹೆಸರಿನಲ್ಲಿ ಮಾರುವುದೆಲ್ಲ ನಿರಪಾಯವೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ನಾಲ್ಕು ದಶಕ ಇದೇ ವೃತ್ತಿಯಲ್ಲಿದ್ದು ಹೇಳುತ್ತೇವೆ, ಅದು ಸರಿಯಲ್ಲ.

ನಂತರ ಕಾಫಿ. ಒಮ್ಮೆಲೇ ಬಿಡಿಸಲಿಲ್ಲ. ರೂಢಿಯಾದ ಅಹಿತವನ್ನು ಹಂತಹಂತವಾಗಿ, ಭಾಗಭಾಗವಾಗಿ ಬಿಡಬೇಕೆಂಬ ಕ್ರಮ ಚರಕನಲ್ಲಿಯೇ ಇದೆ. ಆರು ಲೋಟ ಎರಡಕ್ಕೆ ಇಳಿಯಲು ಮೂರು ವಾರ ಹಿಡಿಯಿತು. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ನಿಶ್ಚಯಿಸಿದೆವು. ಏಳುವುದು ನಮ್ಮ ಕೈಯಲ್ಲಿದೆ, ನಿದ್ರೆ ಬರುವುದು ನಮ್ಮ ಕೈಯಲ್ಲಿಲ್ಲ. ಮನೆಯಲ್ಲಿದ್ದಾಗ ಬೆಳಿಗ್ಗೆ ಮಿಂದು ಇಷ್ಟಲಿಂಗ ಪೂಜೆ ಮಾಡದೆ ಇವನು ಉಪಾಹಾರ ಮಾಡಿದವನಲ್ಲವಂತೆ. ಹಾಸ್ಟೆಲಿನಲ್ಲಿ ಮೊದಲು ತಪ್ಪಿದ್ದು ಅದೇ. ಧಾರ್ಮಿಕ ಮಹತ್ವವನ್ನು ಹೇಳುವವರು ಬೇರೆ ಇದ್ದಾರೆ. ವೈದ್ಯರಾಗಿ ನಾವು ಕಂಡದ್ದಿಷ್ಟು: ಅದರೊಂದಿಗೆ ಏಳುವ ಗಳಿಗೆ, ಉಣ್ಣುವ ಗಳಿಗೆ ಎರಡೂ ತಪ್ಪಿದ್ದವು.

ರಾತ್ರಿ ಜಾಗರಣೆ ಅನಿವಾರ್ಯವಾದರೆ? ಪ್ರಬಂಧ ಸಲ್ಲಿಸುವ ವಾರದಲ್ಲಿ ಜಾಗರಣೆ ಮಾಡಬೇಡವೆಂದರೆ ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ಅದಕ್ಕೂ ವಾಗ್ಭಟನು ಉಪಾಯ ಹೇಳಿದ್ದಾನೆ. ರೂಢಿಯಿಲ್ಲದೆ ಎಚ್ಚರವಿದ್ದವನು, ಎಚ್ಚರವಿದ್ದ ಕಾಲದ ಅರ್ಧದಷ್ಟು ಕಾಲ, ಮರುದಿನ ಬೆಳಿಗ್ಗೆ ಏನನ್ನೂ ತಿನ್ನದೆ ಮಲಗಬೇಕು. ನಾಲ್ಕು ತಾಸು ಎಚ್ಚರವಾದರೆ ಎರಡು ತಾಸು ನಿದ್ರೆ. ಮಧ್ಯಾಹ್ನ ಉಂಡು ಮಲಗುವುದು ಇದಕ್ಕೆ ಪರಿಹಾರವಲ್ಲ, ಅದು ಕಫಪಿತ್ತಗಳನ್ನು ಹೆಚ್ಚಿಸುತ್ತದೆ. ವಾರಕ್ಕೆರಡು ಸಲ ಅಂಗಾಲು, ನೆತ್ತಿಗೆ ಎಳ್ಳೆಣ್ಣೆ ಹಚ್ಚಿಕೊಳ್ಳಲು ಹೇಳಿದೆವು. ಹಾಸಿಗೆಯ ಚಾದರ ಕೊಳೆಯಾಗುತ್ತದೆಂದು ಅವನು ತಕರಾರು ಮಾಡಿದ, ಹಳೆಯ ಕಾಲುಚೀಲ ಹಾಕಿಕೊಳ್ಳಲು ಹೇಳಿದೆವು.

ಎರಡನೆಯ ಭೇಟಿಯಲ್ಲಿ, ತಂದೆಯನ್ನು ಹೊರಗೆ ಕೂರಿಸಿ ಮಾತನಾಡಿದಾಗ, ಕೆಲವು ರಾತ್ರಿ ಬದುಕಿಯೇನು ಪ್ರಯೋಜನ ಎನಿಸುತ್ತದೆಂದು ಅವನು ಹೇಳಿದ. ಆ ಮಾತಿಗೆ ಚೂರ್ಣ, ಕಷಾಯ ಉತ್ತರವಲ್ಲ. ಅವನ ಒಪ್ಪಿಗೆ ಪಡೆದು ತಂದೆಗೆ ತಿಳಿಸಿದೆವು, ಅದೇ ದಿನ ವಿಜಯಪುರದ ಮನೋವೈದ್ಯರಲ್ಲಿಗೆ ಕಳಿಸಿದೆವು. ಅವರು ಕೊಟ್ಟ ಔಷಧಿಯನ್ನು ಆರು ತಿಂಗಳು ತೆಗೆದುಕೊಂಡ. ಇದರಲ್ಲಿ ಲಜ್ಜೆಪಡುವಂಥದ್ದು ಏನೂ ಇಲ್ಲ. ಮಗನು ಫೋನಿನಲ್ಲಿ ಮಾತು ಕಡಿಮೆ ಮಾಡಿದರೆ, ಓದು ಬಿಟ್ಟುಬರುತ್ತೇನೆಂದರೆ, ತನ್ನ ವಸ್ತುಗಳನ್ನು ಇತರರಿಗೆ ಕೊಡತೊಡಗಿದರೆ, ನಾನು ಭಾರವಾಗಿದ್ದೇನೆಂದರೆ, ತಂದೆತಾಯಿಗಳು ಉಪದೇಶ ಮಾಡದೆ ಮೊದಲು ಕೇಳಬೇಕು. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಇದ್ದರೆ ಹೊರಬರುತ್ತದೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನ ಅದಕ್ಕಿದೆ.

ಆ ಹುಡುಗ ಪ್ರಬಂಧಕ್ಕೆ ಆರು ತಿಂಗಳ ಹೆಚ್ಚುವರಿ ಅವಧಿ ಕೇಳಿ ಪಡೆದ. ಅವಧಿ ಕೇಳಬಹುದೆಂಬ ನಿಯಮ ಇದ್ದುದೇ ಅವನಿಗೆ ತಿಳಿದಿರಲಿಲ್ಲ. ಮಾರ್ಗದರ್ಶಕರ ಮುಂದೆ ಕುಳಿತು ಹೇಳಿಕೊಂಡಾಗ ಅವರೇ ಅರ್ಜಿ ಬರೆಸಿದರಂತೆ. ಈಗ ಪದವಿ ಮುಗಿದಿದೆ, ಸಾಧಾರಣ ಸಂಬಳದ ಕೆಲಸವೊಂದಿದೆ. ಹೊತ್ತು ತಪ್ಪಿ ಉಂಡಾಗ ಎದೆಯುರಿ ಈಗಲೂ ಮರುಕಳಿಸುತ್ತದೆ.

ಆಹಾರದ ಕುರಿತು ತಾಯಂದಿರು ಕೇಳುವ ಮಾತೊಂದಿದೆ. ಮಕ್ಕಳ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತುಂಬಿ ಕಳಿಸುವ ರೂಢಿ ನಮ್ಮಲ್ಲಿದೆ. ಒಳ್ಳೆಯ ರೂಢಿ, ಹುಟ್ಟಿನಿಂದ ಸಾತ್ಮ್ಯವಾದ ಆಹಾರ, ವಾರಗಟ್ಟಲೆ ಕೆಡದು. ಆದರೆ ಕಡಕ್ ರೊಟ್ಟಿ ರೂಕ್ಷ. ನಿದ್ರೆಗೆಟ್ಟು ವಾತ ಕೆರಳಿದವನು ರಾತ್ರಿ ಅದನ್ನೇ ಕಡಿದು ನೀರು ಕುಡಿದು ಮಲಗಿದರೆ ಹೊಟ್ಟೆ ಇನ್ನಷ್ಟು ಬಿಗಿಯುತ್ತದೆ. ಬೆಳಗಿನ ಉಪಾಹಾರ ತಪ್ಪಿಸುವ ಬದಲು ಅದನ್ನು ಆಗಲೇ, ಮೊಸರಿನಲ್ಲಿ ನೆನೆಸಿಯೋ ತುಪ್ಪ ಸವರಿಯೋ ತಿನ್ನಲಿ. ತುಪ್ಪದ ಡಬ್ಬಿಯನ್ನೂ ಅದೇ ಚೀಲದಲ್ಲಿ ಇಡಿರಿ.